ಮೆಲ್ಲಗೆ ಇಳಿಯುವ ಹುಡುಗಿ

ಕಾಲು ಮುರಿದುಕೊಂಡವರು ಬಂದರೆ ನಾನು ಮೊದಲು ಎಕ್ಸ್‌ರೇ ಕೇಳುತ್ತಿದ್ದೆ, ಆಮೇಲೆ ಹೆಸರು. ಅದು ಒಳ್ಳೆಯ ಅಭ್ಯಾಸವಲ್ಲ ಅಂತ ನನಗೆ ಗೊತ್ತಾಗಿದ್ದು ಮೊಳಕಾಲ್ಮೂರಿನ ರೇಣುಕಮ್ಮನವರಿಂದ. ಅವರೇನೂ ಹೇಳಿಕೊಡಲು ಬಂದವರಲ್ಲ. ಕಾಲು ನೋವು ಅಂತ ಬಂದವರು.

ನನ್ನ ಹೆಸರು ದಾಕ್ಷಾಯಿಣಿ. ಚಳ್ಳಕೆರೆಯ ಪಾವಗಡ ರಸ್ತೆಯಲ್ಲಿ, ಔಷಧಿ ಅಂಗಡಿಯೊಂದರ ಪಕ್ಕದ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತಿದ್ದೇನೆ. ಸೊಂಟ ಹಿಡಿದ ಟ್ರ್ಯಾಕ್ಟರ್ ಡ್ರೈವರುಗಳು, ಕೈ ಮೇಲೆತ್ತಿ ಬೋರ್ಡಿನ ಮೇಲೆ ಬರೆಯಲಾಗದ ಮೇಷ್ಟ್ರುಗಳು, ಕುರಿ ಹಿಂದೆ ನಡೆದೂ ನಡೆದೂ ಮೊಣಕಾಲು ಸವೆಸಿಕೊಂಡವರು, ಹೆಚ್ಚಾಗಿ ಇಂಥವರೇ ಬರುತ್ತಾರೆ. ನೇಕಾರರು ಬರುವುದು ಕಡಿಮೆ. ಮಗ್ಗ ಬಿಟ್ಟು ಬಂದರೆ ಆ ದಿನದ ನೇಯ್ಗೆ ನಿಂತಂತೆ, ಅದಕ್ಕೇ ಇರಬೇಕು.

ರೇಣುಕಮ್ಮ ಬಂದಿದ್ದು ಸಂಕ್ರಾಂತಿ ಕಳೆದು ಮೂರನೆಯ ದಿನ, ಮಗಳು ಸ್ವಪ್ನಳ ಭುಜ ಹಿಡಿದುಕೊಂಡು. ಐವತ್ತೆರಡು ವರ್ಷ, ತೆಳ್ಳನೆಯ ಮೈ, ಬೆರಳುಗಳಲ್ಲಿ ಮಾತ್ರ ಗಂಡಾಳಿನ ಗಟ್ಟಿತನ. ಸ್ವಪ್ನ ನಮ್ಮ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಹುಡುಗಿ. ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಭಾನುವಾರಕ್ಕೊಮ್ಮೆ ಊರಿಗೆ ಹೋಗಿಬರುತ್ತಾಳೆ. ಅಮ್ಮನನ್ನು ನನ್ನ ಹತ್ತಿರ ಕರೆತಂದವಳು ಅವಳೇ.

ಆಗಿದ್ದಿಷ್ಟು. ಅವರ ಮನೆಯಲ್ಲಿರುವುದು ಗುಂಡಿಮಗ್ಗ. ನೆಲದಲ್ಲಿ ಸೊಂಟದಾಳದ ಗುಂಡಿ ತೋಡಿರುತ್ತಾರೆ. ನೇಯುವವರು ಅದರ ಅಂಚಿನಲ್ಲಿ ಕೂತು, ಕಾಲು ಗುಂಡಿಯೊಳಗೆ ಇಳಿಬಿಟ್ಟು, ಅಲ್ಲಿರುವ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತ ಅಡ್ಡನೂಲಿನ ಲಾಳಿ ಆಡಿಸಬೇಕು. ರೇಣುಕಮ್ಮ ಮದುವೆಯಾಗಿ ಬಂದಾಗಿನಿಂದ, ಅಂದರೆ ಮೂವತ್ತೆರಡು ವರ್ಷದಿಂದ, ಆ ಗುಂಡಿಗೆ ದಿನಾ ಇಳಿದು ಹತ್ತಿದವರು. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಬಹಳ ಹೊತ್ತು ಕೂತಿದ್ದಕ್ಕೆ ಬಲಗಾಲು ಜೋಮು ಹಿಡಿದಿತ್ತು. ಒಲೆಯ ಮೇಲೆ ಹಾಲು ಉಕ್ಕುವ ವಾಸನೆ ಬಂತು ಅಂತ ದಡಕ್ಕನೆ ಎದ್ದರು. ಕಾಲು ಎಲ್ಲಿದೆ ಅಂತ ಕಾಲಿಗೇ ಗೊತ್ತಿರಲಿಲ್ಲ. ಅಂಚಿನಿಂದ ಜಾರಿ ಗುಂಡಿಯೊಳಗೆ ಬಿದ್ದರು. ಕಣಕಾಲು ಎರಡು ಕಡೆ ಮುರಿಯಿತು. ಚಿತ್ರದುರ್ಗದಲ್ಲಿ ಆಪರೇಷನ್ ಮಾಡಿ ಪ್ಲೇಟು ಕೂರಿಸಿದರು, ಪಟ್ಟಿ ಕಟ್ಟಿದರು. ಪಟ್ಟಿ ಬಿಚ್ಚುವ ಹೊತ್ತಿಗೆ ಮೂಳೆ ಕೂಡಿತ್ತು, ಆದರೆ ಕಾಲು ಮರದ ತುಂಡಿನ ಹಾಗೆ ಬಿಗಿದುಕೊಂಡಿತ್ತು.

ನಾನು ಎಕ್ಸ್‌ರೇ ನೋಡಿದೆ. "ಮೂಳೆ ಚೆನ್ನಾಗಿ ಕೂಡಿದೆ. ಇನ್ನು ಕೆಲಸ ಎಲ್ಲಾ ನಿಮ್ದೇ," ಅಂದೆ. ಗೋಡೆ ಹಿಡಿದು ನಿಲ್ಲಿಸಿ ತೋರಿಸಿಕೊಟ್ಟೆ. ಎರಡೂ ಹಿಮ್ಮಡಿ ಮೇಲೆತ್ತಿ ಮುಂಗಾಲಿನ ಮೇಲೆ ನಿಲ್ಲಬೇಕು, ಆಮೇಲೆ ನಿಧಾನವಾಗಿ ಇಳಿಯಬೇಕು. ಒಂದು ಸಲಕ್ಕೆ ಹತ್ತು, ದಿನಕ್ಕೆ ಮೂರು ಸಲ.

ಅವರು ಎತ್ತಿದ್ದು ಎರಡು ಬೆರಳಷ್ಟೂ ಇಲ್ಲ. ಇಳಿದಿದ್ದು ಮೂಟೆ ಹಾಕಿದಂತೆ, ಧೊಪ್ಪನೆ.

"ಹಂಗಲ್ಲ ರೇಣುಕಮ್ಮ, ಮೆಲ್ಲಗೆ ಇಳೀರಿ. ಹತ್ತೋದಕ್ಕಿಂತ ಇಳಿಯೋದೇ ಮುಖ್ಯ."

"ಆಗ್ಲಿ ಮೇಡಮ್ಮೋರೆ," ಅಂದರು. ಮತ್ತೆ ಧೊಪ್ಪನೆ ಇಳಿದರು.

ಎರಡನೆಯ ವಾರವೂ ಹಾಗೇ. ಮೂರನೆಯ ವಾರವೂ ಹಾಗೇ. ಮನೆಯಲ್ಲಿ ಮಾಡ್ತೀರಾ ಅಂದರೆ "ಮಾಡ್ತೀನ್ರಿ" ಅನ್ನುವರು. ಕಣಕಾಲು ಮುಟ್ಟಿ ನೋಡಿದರೆ ಮಾಡಿಲ್ಲ ಅಂತ ಅದೇ ಹೇಳುತ್ತಿತ್ತು. ನನಗೂ ಬೇಸರ ಬಂತು. ಅಂದು ಅವರ ಕಾರ್ಡಿನಲ್ಲಿ "ರೋಗಿಯ ಸಹಕಾರ ಕಡಿಮೆ" ಅಂತ ಬರೆದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ನಾಲ್ಕನೆಯ ವಾರ ಬಂದವರೇ ಗೋಡೆಯ ಹತ್ತಿರ ಹೋಗಿ ನಿಂತರು. ಎಡಗೈ ಗೋಡೆಗೆ ಕೊಟ್ಟರು. ಹಿಮ್ಮಡಿ ಎತ್ತಿದರು, ಮೊದಲಿಗಿಂತ ಎರಡರಷ್ಟು. ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ಇಳಿದರು, ತುಂಬಿದ ಬಿಂದಿಗೆಯನ್ನು ನೆಲಕ್ಕಿಡುವವರಂತೆ, ಅಷ್ಟು ಮೆಲ್ಲಗೆ. ಅದಕ್ಕಿಂತ ಹೆಚ್ಚಾಗಿ ನಾನು ಕಣ್ಣು ಬಿಟ್ಟಿದ್ದು ಅವರ ಬಲಗೈ ನೋಡಿ. ಕೈ ಮೆತ್ತಗೆ ಬಾಗಿ ಮುಂದಕ್ಕೆ ತೇಲಿಕೊಂಡು ಬಂದಿತ್ತು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

"ಯಾರ್ ಕಲಿಸಿದ್ರು ಇದನ್ನ?"

ರೇಣುಕಮ್ಮ ನಾಚಿಕೊಂಡರು. ಸ್ವಪ್ನ ನಗುತ್ತ ಅಮ್ಮನ ಚೀಲದಿಂದ ಫೋನು ತೆಗೆದು ನನ್ನ ಕೈಗಿಟ್ಟಳು.

ಪರದೆಯ ಮೇಲೆ ಒಬ್ಬ ಹುಡುಗಿ ನಿಂತಿದ್ದಳು. ಬಿಳಿ ಗೊಂಚಲು ಗೊಂಚಲಾದ ಲಂಗ, ಗುಲಾಬಿ ಬಣ್ಣದ ಬಟ್ಟೆ ಚಪ್ಪಲಿ, ಎತ್ತಿ ಕಟ್ಟಿದ ತುರುಬು. ಹಿಂದೆ ಉದ್ದ ಕಿಟಕಿ, ಗೋಡೆಗುಂಟ ಒಂದು ಮರದ ಕಂಬಿ. ಅವಳು ಆ ಕಂಬಿ ಹಿಡಿದುಕೊಂಡಿದ್ದಳು. ಲಂಗದ ಅಂಚು ಗಾಳಿಗೆ ಅಲುಗಾಡುವಂತೆ ಸಣ್ಣಗೆ ಅಲುಗುತ್ತಿತ್ತು. ನಾನು ಬೆರಳಿಟ್ಟೆ. ಹುಡುಗಿ ಕಾಲ್ಬೆರಳ ತುದಿಗೆ ಎದ್ದಳು. ಬೆರಳು ತೆಗೆದೆ. ಅವಳು ಇಳಿಯತೊಡಗಿದಳು. ಮೊದಲು ಬೆರಳು, ಆಮೇಲೆ ಮುಂಗಾಲು, ಕೊನೆಗೆ ಹಿಮ್ಮಡಿ. ಎಷ್ಟು ನಿಧಾನ ಅಂದರೆ ಫೋನು ಕೆಟ್ಟಿದೆಯೇನೋ ಅನ್ನಿಸುವಷ್ಟು.

"ಬ್ಯಾಲೆ ಅಂತಾರೆ ಮೇಡಂ, ಹೊರದೇಶದ ಡ್ಯಾನ್ಸು," ಅಂದಳು ಸ್ವಪ್ನ. "ಇದು ಲೈವ್ ವಾಲ್‌ಪೇಪರ್ ಆ್ಯಪು. ಅಂಗಡಿಗೆ ಬರೋರಿಗೆ ತೋರ್ಸೋಕೆ ಅಂತ ಮೀನಿಂದು, ಜಲಪಾತದ್ದು, ಇಂಥವೆಲ್ಲ ಹಾಕಿರ್ತೀವಿ. ನನ್ನ ಹಳೆ ಫೋನ್‌ನಾಗೆ ಇದು ಉಳ್ಕಂಡಿತ್ತು. ಅಮ್ಮಂಗೆ ಬೇಜಾರಾಗ್ತೈತೆ ಅಂತ ಆ ಫೋನ್ ಕೊಟ್ಟಿದ್ದೆ."

ಉಳಿದಿದ್ದನ್ನು ರೇಣುಕಮ್ಮನವರೇ ಹೇಳಿದರು. ಮನೆಯಲ್ಲಿ ಅವರದು ತೆಲುಗು, ಹೊರಗೆ ಕನ್ನಡ. ಮಾತು ಬಿಸಿಯಾದಾಗ ಎರಡೂ ಕಲೆಯುತ್ತವೆ.

"ಮೊದಲ ದಿನ ನೋಡಿ ನಗು ಬಂತ್ರಿ. ಏಮಿಟೇ ಇದಿ, ಏನೇ ಇದು, ಈ ಹುಡುಗಿ ಯಾಕೆ ತುದಿಗಾಲಾಗೆ ನಿಂತವಳೆ, ನೆಲ ಏನಾರ ಕಾದೈತಾ ಅಂತ ಸ್ವಪ್ನನ್ನ ಕೇಳ್ದೆ. ಆಮೇಲೆ ಕೂತಲ್ಲೇ ಕೂತು ಬೇಜಾರಾದಾಗೆಲ್ಲ ಮುಟ್ಟೋದು, ನೋಡೋದು. ಒಂದಿನ ಅವಳ ಕೈ ಕಡೆ ಕಣ್ಣೋಯ್ತು. ಕಂಬಿ ಹಿಡ್ಕಂಡವಳೆ! ಅಷ್ಟು ಚಂದಾಗಿ ಕುಣಿಯೋಳೇ ಹಿಡ್ಕಂಡು ಮಾಡ್ತಾಳೆ. ನಾನು ಗೋಡೆ ಹಿಡಿಯೋದು ಅಂದ್ರೆ ಕುಂಟಿ ಆಗೋದೆ ಅನ್ಕಂಡಿದ್ದೆ ಮೇಡಮ್ಮೋರೆ. ಬೀದಿಯೋರು ನೋಡ್ತಾರೆ ಅಂತ ಬಾಗಿಲು ಹಾಕ್ಕಂಡು ಒಂದೆರಡು ಮಾಡಿ ಬಿಟ್ಟುಬಿಡ್ತಿದ್ದೆ."

ಅಲ್ಲಿಂದ ಅವರು ಫೋನನ್ನು ಕಿಟಕಿಯ ಗೂಡಿನಲ್ಲಿ ನಿಲ್ಲಿಸಿ ಆ ಹುಡುಗಿಯ ಜೊತೆಗೇ ಹತ್ತಿ ಇಳಿಯಲು ಶುರುಮಾಡಿದರು. ಒಂದು ತೊಡಕಿತ್ತು. ಪರದೆಯನ್ನು ಯಾರಾದರೂ ಮುಟ್ಟಿದರೆ ಮಾತ್ರ ಹುಡುಗಿ ಏಳುವುದು. ಗೋಡೆ ಹಿಡಿದವರು ಫೋನು ಮುಟ್ಟುವುದು ಹೇಗೆ? ಅವರ ಗಂಡ ರಾಮಾಂಜನೇಯ ಮಾತು ಕಡಿಮೆಯ ಮನುಷ್ಯ. ಎರಡು ದಿನ ಮಗ್ಗದ ಮೇಲೆ ಕೂತೇ ಹೆಂಡತಿಯ ಪೇಚಾಟ ನೋಡಿದರಂತೆ. ಮೂರನೆಯ ದಿನ ಲಾಳಿ ಪಕ್ಕಕ್ಕಿಟ್ಟು, ಎದ್ದು ಬಂದು, ಕೈ ಒರೆಸಿಕೊಂಡು ಕಿಟಕಿಯ ಹತ್ತಿರ ನಿಂತರು. ಬೆರಳಿಟ್ಟರು, ಹೆಂಡತಿಯೂ ಹುಡುಗಿಯೂ ಎದ್ದರು. ಬೆರಳು ತೆಗೆದರು, ಇಬ್ಬರೂ ಇಳಿದರು.

"ಮೆಲ್ಲಗಾ, ಮೆಲ್ಲಗಾ," ಅನ್ನುತ್ತಿದ್ದರಂತೆ. ದಿನಕ್ಕೆ ಮೂರು ಸಲ, ಒಂದು ದಿನವೂ ತಪ್ಪಿಸದೆ.

ನಾನು ಒಂದೇ ಒಂದು ತಿದ್ದಿದೆ. "ಅವಳ ಹಾಗೆ ಬೆರಳ ತುದಿಗೆ ಮಾತ್ರ ಹೋಗ್ಬೇಡ್ರಿ. ಅದಕ್ಕೆ ಬೇರೆ ಚಪ್ಪಲಿ, ಬೇರೆ ಅಭ್ಯಾಸ ಬೇಕು. ಮುಂಗಾಲ ಮೇಲೆ ನಿಂತ್ರೆ ಸಾಕು." ಮಿಕ್ಕಿದ್ದನ್ನು ಆ ಹುಡುಗಿ ನನಗಿಂತ ಚೆನ್ನಾಗಿ ಹೇಳಿಕೊಟ್ಟಿದ್ದಳು.

ಮುಂದಿನ ಮೂರು ವಾರದಲ್ಲಿ ಕಾಲು ಹದಕ್ಕೆ ಬಂತು. ಬಿಗಿತ ಬಿಟ್ಟಿತು, ಊತ ಇಳಿಯಿತು. ಗೋಡೆ ಬಿಟ್ಟು ನಿಂತರು. ಕ್ಲಿನಿಕ್ಕಿನಿಂದ ಬಸ್ ಸ್ಟ್ಯಾಂಡಿನ ತನಕ ಮಗಳ ಭುಜ ಹಿಡಿಯದೆ ನಡೆದರು. ನಾನು ಇನ್ನೇನು ಕಾರ್ಡು ಮುಗಿಸಬಹುದು ಅಂದುಕೊಂಡು, "ಸರಿ ರೇಣುಕಮ್ಮ, ಇನ್ನು ಮಗ್ಗಕ್ಕೆ ಕೂತ್ಕೋಬಹುದು," ಅಂದೆ.

ಹೊರಡಲು ಎತ್ತಿಕೊಂಡಿದ್ದ ಚೀಲವನ್ನು ಅವರು ಮತ್ತೆ ಬೆಂಚಿನ ಮೇಲಿಟ್ಟರು.

"ಕೂತಿದ್ದೆ ಮೇಡಮ್ಮೋರೆ," ಅಂದರು. "ಹೋದ ಮಂಗಳವಾರ ಅಂಚಿನ ತನಕ ಹೋಗಿ ಕೂತೆ. ಕಾಲು ಒಳಗೆ ಬಿಡಾಕಾಗ್ಲಿಲ್ಲ. ಕೆಳಗೆ ಕತ್ಲೆ ಕಾಣ್ತೈತೆ. ಅಂಗೇ ಹಿಂದಕ್ಕೆ ಜರುಗಿಕೊಂಡು ಬಂದು ಅತ್ತುಬಿಟ್ಟೆ. ಕಾಲು ವಾಸಿ ಆದ್ರೆ ಗುಂಡಿಗೆ ಇಳೀಬೇಕಲ್ಲ ಅಂತಾನೂ ಮೊದ್ಲು ಮೊದ್ಲು ನಾನು ನೀವು ಹೇಳಿದ್ದು ಮಾಡ್ತಿರ್ಲಿಲ್ಲ. ಸುಳ್ಳು ಹೇಳ್ದೆ. ತಪ್ಪಾಯ್ತು."

ನನಗೆ ತಲೆ ಎತ್ತಲಾಗಲಿಲ್ಲ. ಏಳು ವಾರ ಅವರ ಹಿಮ್ಮಡಿ ಅಳೆದಿದ್ದೆ, ಮೂಳೆ ನೋಡಿದ್ದೆ, ಊತ ಬರೆದುಕೊಂಡಿದ್ದೆ. ಏನಕ್ಕೆ ಹೆದರುತ್ತೀರಿ ಅಂತ ಒಂದು ಮಾತು ಕೇಳಿರಲಿಲ್ಲ. ಇನ್ನೂ ಹೇಳಬೇಕೆಂದರೆ, ಗುಂಡಿಮಗ್ಗ ಅಂದರೆ ಏನು ಅಂತ ನಾನು ಕಣ್ಣಾರೆ ನೋಡಿಯೇ ಇರಲಿಲ್ಲ. ನಮ್ಮೂರು ನಾಯಕನಹಟ್ಟಿ, ಹುಟ್ಟಿ ಬೆಳೆದಿದ್ದು ಈ ಸೀಮೆಯಲ್ಲೇ. ನನ್ನ ಮದುವೆಯಲ್ಲಿ ಉಟ್ಟಿದ್ದೂ ಮೊಳಕಾಲ್ಮೂರು ರೇಷ್ಮೆಯೇ. ಆ ಸೀರೆ ಎಂಥ ಜಾಗದಲ್ಲಿ ಕೂತು, ಯಾವ ಕಾಲಿನಿಂದ ತುಳಿದು ಆಗುತ್ತದೆ ಅಂತ ಯೋಚಿಸಿದವಳಲ್ಲ.

"ಈ ಭಾನುವಾರ ನಿಮ್ಮನೆಗೆ ಬರ್ತೀನಿ," ಅಂದೆ.

ಸ್ವಪ್ನಳ ಜೊತೆ ಬೆಳಗಿನ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಕಿತ್ತಾದ ಮೇಲಿನ ಶೇಂಗಾ ಹೊಲಗಳು, ಬಂಡೆಗುಡ್ಡಗಳು. ಮೊಳಕಾಲ್ಮೂರಿನಲ್ಲಿ ಇಳಿದು ಅವರ ಬೀದಿಗೆ ಕಾಲಿಟ್ಟರೆ ಮನೆಮನೆಯಿಂದ ಮಗ್ಗದ ಸದ್ದು. ಒಳಗೆ ತಂಪಾಗಿತ್ತು. ಮಗ್ಗದ ಮೇಲೆ ನೇರಳೆ ಬಣ್ಣದ ಸೀರೆ ಅರ್ಧಕ್ಕೆ ನಿಂತಿತ್ತು. ಗಂಡ ಹೆಂಡತಿ ಇಬ್ಬರೂ ಜೊತೆಗೆ ಕೂತು ನೇಯಬೇಕಾದ ಸೀರೆಯಂಚು ಅದು. ರೇಣುಕಮ್ಮ ಬಿದ್ದ ದಿನದಿಂದ ಅದನ್ನು ಹಾಗೇ ಬಟ್ಟೆ ಮುಚ್ಚಿಟ್ಟು, ರಾಮಾಂಜನೇಯ ಪಕ್ಕದ ಇನ್ನೊಂದು ಮಗ್ಗದಲ್ಲಿ ಸಾದಾ ಸೀರೆ ನೇಯುತ್ತಿದ್ದರು.

"ಇನ್ನೊಬ್ರನ್ನ ಕೂರಿಸ್ಕೊಂಡು ಮುಗಿಸಬಹುದಿತ್ತಲ್ಲ?" ಅಂತ ಕೇಳಿದೆ.

"ಅದು ಆಕೆ ಶುರು ಮಾಡಿದ್ದು," ಅಂದರು ಅವರು. ಅಷ್ಟೇ.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಂಡಿಗೆ ಇಳಿದೆ. ಆಗ ಗೊತ್ತಾಯಿತು. ಅಂಚಿನಿಂದ ತಳಕ್ಕೆ ಒಂದೇ ಹೆಜ್ಜೆ, ನಡುವೆ ಕಾಲಿಡಲು ಏನೂ ಇಲ್ಲ. ಹಿಡಿಯಲು ಏನೂ ಇಲ್ಲ. ತಳದಲ್ಲಿ ಬೆಳಕೂ ಇಲ್ಲ. ಎಲ್ಲ ಸರಿಯಿದ್ದ ನನ್ನ ಕಾಲೇ ಹುಡುಕಾಡಿತು. ಮೇಲೆ ಬಂದು ರಾಮಾಂಜನೇಯರಿಗೆ ಮೂರು ಕೆಲಸ ಹೇಳಿದೆ. ಒಳಗೊಂದು ಕಲ್ಲಿನ ಮೆಟ್ಟಿಲು, ಪಕ್ಕದ ಗೋಡೆಗೆ ಹಿಡಿಯಲು ಒಂದು ಕಂಬಿ, ಕೆಳಗೊಂದು ಸಣ್ಣ ಬಲ್ಬು. ಮುಂದಿನ ವಾರಕ್ಕೆ ಆದರೆ ಸಾಕು ಅಂದುಕೊಂಡಿದ್ದೆ. ಅವರು ಆಗಲೇ ಹಿತ್ತಿಲಿಗೆ ಹೋಗಿ ಎರಡು ಚಪ್ಪಡಿ ಹೊತ್ತು ತಂದರು. ಹಳೆಯ ಮಗ್ಗದ ಗಟ್ಟಿ ಮರದ ತುಂಡೊಂದನ್ನು ಉಜ್ಜಿ ನಯ ಮಾಡಿ ಗೋಡೆಗೆ ಬಡಿದರು. ಸ್ವಪ್ನ ಅಂಗಡಿಗೆ ಓಡಿ ಬಲ್ಬು, ವೈರು ತಂದಳು. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು.

ಊಟವಾದ ಮೇಲೆ ರೇಣುಕಮ್ಮ ತಾವಾಗಿಯೇ ಎದ್ದು ಹೋಗಿ ಗುಂಡಿಯ ಅಂಚಿನಲ್ಲಿ ನಿಂತರು. ಎಡಗೈಯಲ್ಲಿ ಕಂಬಿ ಹಿಡಿದರು. ಬಲಗಾಲು ಚಾಚಿದರು. ಬೆರಳು ಕಲ್ಲು ಮುಟ್ಟಿತು, ಆಮೇಲೆ ಮುಂಗಾಲು, ಕೊನೆಗೆ ಹಿಮ್ಮಡಿ. ಎರಡನೆಯ ಹೆಜ್ಜೆಗೆ ತಳಕ್ಕೆ ಇಳಿದಿದ್ದರು. ಒಂದು ನಿಮಿಷ ಹಾಗೇ ಗುಂಡಿಯೊಳಗೆ ನಿಂತು ಉಸಿರಾಡಿದರು. ಆಮೇಲೆ ಅಂಚಿನ ಮೇಲೆ ಕೂತು ಸೀರೆಯ ಮೇಲಿನ ಬಟ್ಟೆ ಸರಿಸಿ, ಹಲಗೆ ತುಳಿದರು. ಎಳೆಗಳು ಬಾಯಿ ಬಿಟ್ಟವು. ರಾಮಾಂಜನೇಯ ಪಕ್ಕದಲ್ಲಿ ಕೂತು ಲಾಳಿ ಕೊಟ್ಟರು. ರೇಣುಕಮ್ಮನವರ ಕಾಲು ಮುಂದಿನ ಹಲಗೆ ತುಳಿಯಿತು.

ಹೊರಡುವಾಗ ನನ್ನ ಕೈಗೆ ಶೇಂಗಾ ಹೋಳಿಗೆಯ ಡಬ್ಬಿ ಇಟ್ಟರು. "ನಿಮ್ಮ ಉಪಕಾರ ಮರೆಯೋಂಗಿಲ್ಲ," ಅಂದರು. ಹನ್ನೊಂದು ವರ್ಷದ ಮೇಲೆ ನನ್ನ ಕೆಲಸವನ್ನು ಹೊಸದಾಗಿ ಕಲಿಸಿದವರು ಅವರು. ಅದನ್ನು ಹೇಳಿದೆ ಕೂಡ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ನಕ್ಕರು.

ಕೊನೆಯ ಸಲ ತೋರಿಸಿಕೊಳ್ಳಲು ಬಂದಿದ್ದು ಯುಗಾದಿ ಕಳೆದ ಮೇಲೆ. ನೇರಳೆ ಸೀರೆ ಮುಗಿದು ಹೋಗಿತ್ತು. ಬೆಳಗಿನ ತಂಪಿಗೆ ಕಣಕಾಲು ಸ್ವಲ್ಪ ಹಿಡಿಯುತ್ತದೆ, ಗಂಟೆಗೊಮ್ಮೆ ಎದ್ದು ಓಡಾಡಿ ಬರುತ್ತೇನೆ, ಒಟ್ಟು ದಿನಕ್ಕೆ ಐದು ಗಂಟೆ ನೇಯುತ್ತೇನೆ ಅಂದರು. ಎದ್ದು ಹೊರಡುವವರು ಮತ್ತೆ ಕೂತರು.

"ಮೇಡಮ್ಮೋರೆ, ಉಪಕಾರ ಆಯ್ತು ಅಂತ ನಿಮಗೆ ಹೇಳ್ದೆ. ನಮ್ಮ ಯಜಮಾನ್ರಿಗೆ ಹೇಳಾಕಾಗಲ್ಲ, ಅವರು ಎದ್ದು ಹೋಗ್ತಾರೆ. ಈ ಫೋನ್‌ನಾಗಿನ ಹುಡುಗಿಗೆ ಹೆಂಗೆ ಹೇಳೋದು?"

"ಅಮ್ಮಾ, ಅದು ಬೊಂಬೆ," ಅಂದಳು ಸ್ವಪ್ನ.

"ಬೊಂಬೆ ಅಂತ ಗೊತ್ತು ಕಣೇ. ಬೊಂಬೆ ಮಾಡ್ದೋರು ಇರ್ತಾರಲ್ಲ? ನಮ್ಮ ಸೀರೆ ಯಾರ್ಯಾರೋ ಉಡ್ತಾರೆ. ಎಲ್ಲೆಲ್ಲೋ ಮದ್ವೆಗೆ ಉಟ್ಕಂಡು ಕೂರ್ತಾರೆ. ಒಬ್ರಾದ್ರೂ ಬಂದು, ಅಮ್ಮಾ ನೀನು ನೇಯ್ದಿದ್ದು ಚಂದ ಐತೆ ಅಂದೋರಿಲ್ಲ. ಅವರಿಗೆ ನಾವು ಯಾರು ಅಂತಾನೇ ಗೊತ್ತಿಲ್ಲ, ತಪ್ಪು ಅವರದಲ್ಲ. ಇದನ್ನ ಮಾಡ್ದೋರಿಗೂ ಯಾರೂ ಹೇಳಿರಾಕಿಲ್ಲ. ನಮಗೆ ಗೊತ್ತಾಗೈತೆ, ನಾವು ಹೇಳೋಣ."

ಆ್ಯಪಿನ ಕೆಳಗೆ ಅಭಿಪ್ರಾಯ ಬರೆಯುವ ಜಾಗವಿರುತ್ತದೆ. ಸ್ವಪ್ನ ತೆರೆದು ನೋಡಿದಳು. ಹೆಚ್ಚು ಜನ ಬರೆದಿರಲಿಲ್ಲ. ಬರೆದವರಲ್ಲೂ ಬೈದವರೇ ಹೆಚ್ಚು. ತುಂಬ ನಿಧಾನ, ಹುಡುಗಿ ಇಳಿಯುವಷ್ಟರಲ್ಲಿ ನಿದ್ದೆ ಬರುತ್ತದೆ, ಬ್ಯಾಟರಿ ತಿನ್ನುತ್ತದೆ, ಹೀಗೆ. ರೇಣುಕಮ್ಮ ಹೇಳುತ್ತಾ ಹೋದರು, ಸ್ವಪ್ನ ಕನ್ನಡದಲ್ಲೇ ಒತ್ತುತ್ತಾ ಹೋದಳು. ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು ಬರೆದದ್ದು ಇಷ್ಟು:

"ನಾನು ರೇಣುಕಮ್ಮ, ಮೊಳಕಾಲ್ಮೂರು. ರೇಷ್ಮೆ ಸೀರೆ ನೇಯ್ತೀನಿ. ನನ್ನ ಕಣಕಾಲು ಮುರಿದಿತ್ತು. ನಿಮ್ಮ ಹುಡುಗಿ ಜೊತೆ ದಿನಾ ಹತ್ತಿ ಇಳಿದೆ. ಅವಳು ಇಳಿಯೋದು ನಿಧಾನ ಅಂತ ಜನ ಬೈದವರೆ. ಬೈಯೋರು ಬೈಲಿ. ನೀವು ಅದನ್ನ ಬದಲಾಯಿಸಬೇಡಿ. ಆ ಇಳಿಯೋದ್ರಾಗೇ ನನ್ನ ಕಾಲು ಬಂತು. ನಿಮಗೆ ಒಳ್ಳೇದಾಗ್ಲಿ."

ಐದು ನಕ್ಷತ್ರ ಒತ್ತಿ ಕಳಿಸಿದಳು.

ಉತ್ತರ ಬರುತ್ತದೆ ಅಂತ ನಾನಂತೂ ಅಂದುಕೊಂಡಿರಲಿಲ್ಲ. ಒಂಬತ್ತನೆಯ ದಿನ ಬಂತು. ಅದೊಂದು ಭಾನುವಾರ. ಸ್ವಪ್ನ ಮೊಳಕಾಲ್ಮೂರಿನ ಮನೆಯಿಂದ ನನಗೆ ವಿಡಿಯೋ ಕಾಲ್ ಮಾಡಿದಳು. "ಮೇಡಂ, ನೀವೂ ಕೇಳ್ರಿ, ಅಮ್ಮಂಗೆ ಓದ್ತಾ ಇದೀನಿ." ಪರದೆಯಲ್ಲಿ ರೇಣುಕಮ್ಮ ಮಗ್ಗದ ಅಂಚಿನಲ್ಲಿ ಕೂತಿದ್ದರು, ಲಾಳಿ ಕೈಯಲ್ಲೇ ಇತ್ತು. ರಾಮಾಂಜನೇಯ ಕಂಬಕ್ಕೆ ಒರಗಿ ಕೂತಿದ್ದರು.

ಬರೆದವಳು ಆ ಆ್ಯಪು ಮಾಡಿದವಳೇ, ಎಸ್ಟೋನಿಯಾ ಎಂಬ ದೇಶದ ಮಾರಿಕಾ ಎಂಬ ಹೆಂಗಸು. ಇಂಗ್ಲಿಷಿನಲ್ಲಿ ಬರೆದಿದ್ದಳು, ಫೋನೇ ಅದನ್ನು ಕನ್ನಡಕ್ಕೆ ತಿರುಗಿಸಿ ಕೊಟ್ಟಿತ್ತು. ಆ ಕನ್ನಡ ಒಂಥರಾ ಇತ್ತು. "ಆತ್ಮೀಯ ರೇಣುಕಾ ತಾಯಿ, ನಿಮ್ಮ ಕಣಕಾಲು ನನ್ನನ್ನು ಅಳುವಂತೆ ಮಾಡಿತು," ಅಂತ ಶುರುವಾಗಿತ್ತು. ನಾವೆಲ್ಲ ನಕ್ಕೆವು. ಆಮೇಲೆ ನಗು ನಿಂತಿತು. ಆ ಹುಡುಗಿಯ ಕಾಲು ಮಾರಿಕಾಳ ತಾಯಿಯದು. ತಾಯಿ ಸಣ್ಣ ಊರೊಂದರಲ್ಲಿ ಮಕ್ಕಳಿಗೆ ಬ್ಯಾಲೆ ಕಲಿಸುತ್ತಿದ್ದವರು. ಅವರ ಹಳೆಯ ವಿಡಿಯೋ ನೋಡಿ ನೋಡಿ ಚಿತ್ರ ಬರೆದಿದ್ದಳು. ಏಳುವುದನ್ನು ಬರೆಯಲು ಒಂದು ವಾರ ಸಾಕಾಯಿತು, ಇಳಿಯುವುದನ್ನು ಬರೆಯಲು ನಾಲ್ಕು ತಿಂಗಳು ಹಿಡಿಯಿತು. ಜನ ನಿಧಾನ ಅಂತ ದೂರಿದ್ದಕ್ಕೆ ಮುಂದಿನ ಬಾರಿ ಅದನ್ನು ಬೇಗ ಮಾಡಿಬಿಡಬೇಕು ಅಂತ ಕೂತಿದ್ದಳಂತೆ. "ಇನ್ನು ಮಾಡುವುದಿಲ್ಲ. ನಿಮ್ಮ ಮಾತನ್ನು ನನ್ನ ತಾಯಿಗೆ ಓದಿ ಹೇಳಿದೆ. ಅವರಿಗೆ ಈಗ ಎಪ್ಪತ್ತೆಂಟು, ಮೊಣಕಾಲು ನೋವು. ಮೂರು ಸಲ ಓದಿಸಿಕೊಂಡರು."

ರೇಣುಕಮ್ಮ ಲಾಳಿ ಕೆಳಗಿಟ್ಟರು. ಸೆರಗಿನಿಂದ ಕಣ್ಣೊರೆಸಿಕೊಂಡರು. "ನೋಡ್ರಿ, ನಾಲ್ಕು ತಿಂಗಳು ಅಂತೆ," ಅಂದರು ಗಂಡನಿಗೆ. "ಒಂದು ಸೀರೆ ಆದ್ರೆ ನಾವು ಇಪ್ಪತ್ತು ದಿನಕ್ಕೆ ಮುಗಿಸ್ತೀವಿ." ರಾಮಾಂಜನೇಯ ಎದ್ದು ಹೋಗಲಿಲ್ಲ. ಕಂಬಕ್ಕೆ ಒರಗಿಕೊಂಡೇ, "ಇನ್ನೊಂದ್ಸಲ ಓದಮ್ಮಾ," ಅಂದರು ಮಗಳಿಗೆ.

ಸ್ವಪ್ನ ಇನ್ನೊಂದು ಸಲ ಓದಿದಳು. ಓದಿ ಮುಗಿಸಿ, "ಏನಂತ ಬರೀಲಿ ಅಮ್ಮಾ, ಈಗ?" ಅಂತ ಕೇಳಿದಳು.

ರೇಣುಕಮ್ಮ ಯೋಚಿಸಿದರು. ಇಂಥ ದೂರದ ಹೆಂಗಸಿಗೆ, ಮುಖ ನೋಡದವಳಿಗೆ, ಇಷ್ಟು ದೊಡ್ಡ ಮಾತು ಬರೆದವಳಿಗೆ ಏನು ಹೇಳುವುದು?

"ಊಟ ಆಯ್ತಾ ಅಂತ ಕೇಳು," ಅಂದರು. "ಅವರಮ್ಮಂದೂ ಆಯ್ತಾ ಕೇಳು."

ಸ್ವಪ್ನ ಹಾಗೇ ಬರೆದಳು. ಮೂರು ದಿನ ಬಿಟ್ಟು ಉತ್ತರ ಬಂತು. ಇಬ್ಬರದೂ ಆಗಿತ್ತು, ಬೀಟ್‌ರೂಟ್ ಸಾರು.